ಎಚ್‌ಒಎ ಅರ್ಜಿ ವಾಪಸ್ ಬರದಂತೆ ಪ್ಯಾಟಿಯೋ ಕಟ್ಟಿಸುವುದು ಹೇಗೆ? ಹ್ಯೂಸ್ಟನ್ ಹೊರವಲಯದವರಿಗೆ ಸಮಗ್ರ ಮಾರ್ಗದರ್ಶಿ

ಚಳಿ ಹೋಗಿ ಬಿಸಿಲು ಏರುವ ಹೊತ್ತಿಗೆ ಸರಿಯಾಗಿ ಅದೇ ಫೋನುಗಳು ಶುರುವಾಗುತ್ತವೆ. "ಹಿತ್ತಲಲ್ಲಿ ಒಂದು ಪ್ಯಾಟಿಯೋ ಕವರ್ ಹಾಕಿಸೋಣ ಅಂತಿದ್ವಿ. ಎಚ್‌ಒಎಯವರು ಅರ್ಜಿ ವಾಪಸ್ ಕಳಿಸಿದ್ದಾರೆ. ಈಗೇನು ಮಾಡೋದು?" ಪ್ಯಾಟಿಯೋ ಕವರ್ ಅಂದರೆ ಹಿತ್ತಲಲ್ಲಿ ಕೂರುವ ಜಾಗದ ಮೇಲಿನ ಚಾವಣಿ. ಎಚ್‌ಒಎ ಅಂದರೆ ಬಡಾವಣೆಯ ಮನೆ ಮಾಲೀಕರ ಸಂಘ. ಫೋನ್ ಮಾಡುವವರು ಕೇಟಿ, ಸೈಪ್ರೆಸ್, ರಿಚ್ಮಂಡ್ ಕಡೆಯವರು. ಅವರಲ್ಲಿ ಅರ್ಧಕ್ಕರ್ಧ ಜನ ಅಷ್ಟೊತ್ತಿಗಾಗಲೇ ಕಾಂಟ್ರಾಕ್ಟರ್‌ಗೆ ಅಡ್ವಾನ್ಸ್ ಕೊಟ್ಟಿರುತ್ತಾರೆ.

ನಾನು ಎರಡು ವರ್ಷ ನಮ್ಮ ನೇಬರ್‌ಹುಡ್‌ನ ಎಸಿಸಿಯಲ್ಲಿ ಇದ್ದೆ. ಎಸಿಸಿ ಅಂದರೆ ಮನೆಯ ಹೊರಗಡೆ ಏನೇ ಬದಲಾವಣೆ ಮಾಡುವುದಿದ್ದರೂ ನೋಡಿ ಒಪ್ಪಿಗೆ ಕೊಡುವ ಸಮಿತಿ. ನಾವು ವಾಪಸ್ ಕಳಿಸಿದ ಅರ್ಜಿಗಳಲ್ಲಿ "ಚೆನ್ನಾಗಿ ಕಾಣಲ್ಲ" ಅನ್ನುವ ಕಾರಣಕ್ಕೆ ಹೋದವು ತೀರಾ ಕಡಿಮೆ. ಉಳಿದವೆಲ್ಲ ಕೆಲಸದ ಕ್ರಮ ತಿರುಗುಮುರುಗಾಗಿ ಹೋದವು. ಮೊದಲು ಕಾಂಟ್ರಾಕ್ಟರ್, ಆಮೇಲೆ ಅಡ್ವಾನ್ಸ್, ಆಮೇಲೆ ಅರ್ಜಿ, ಎಲ್ಲ ಮುಗಿದ ಮೇಲೆ ನಿಯಮ ಓದುವುದು. ಇದನ್ನು ಪೂರ್ತಿ ಉಲ್ಟಾ ಮಾಡಿದರೆ ಮುಕ್ಕಾಲು ತಲೆನೋವು ಹೋಗುತ್ತದೆ.

ಪ್ಯಾಟಿಯೋ ಇಲ್ಲಿ ಉದಾಹರಣೆ ಅಷ್ಟೆ. ಬೇಲಿ, ಶೆಡ್, ಬಣ್ಣ, ಸೋಲಾರ್, ಯಾವುದಕ್ಕಾದರೂ ಕ್ರಮ ಇದೇ. ಶುರು ಮಾಡುವ ಮುಂಚೆ ಇಷ್ಟು ಕೈಗೆ ಸಿಗುವ ಹಾಗೆ ಇಟ್ಟುಕೊಳ್ಳಿ: ಮನೆ ಕೊಂಡಾಗ ಕೊಟ್ಟ ಸರ್ವೆಯ (ಅಳತೆ ಸಮೇತ ಇರುವ ಜಾಗದ ನಕ್ಷೆ) ಪ್ರತಿ, 100 ಅಡಿಯ ಟೇಪು, ಒಂದು ಸ್ಕೇಲು, ಎರಡು ಬಣ್ಣದ ಪೆನ್ನು, ಫೋನ್ ಕ್ಯಾಮೆರಾ.

## 1. ನಿಮ್ಮ ಮನೆ ಯಾರ ಕೈಕೆಳಗಿದೆ ಅಂತ ನೋಡಿ

ವಿಳಾಸದಲ್ಲಿ "ಕೇಟಿ" ಅಂತ ಇದ್ದ ಮಾತ್ರಕ್ಕೆ ನೀವು ಕೇಟಿ ನಗರದಲ್ಲಿ ಇದ್ದೀರಿ ಅಂತಲ್ಲ. ಅದು ಪೋಸ್ಟ್ ಆಫೀಸಿನ ಲೆಕ್ಕ. ನಿಮ್ಮ ಕೌಂಟಿಯ ಅಪ್ರೈಸಲ್ ಡಿಸ್ಟ್ರಿಕ್ಟ್ (ತೆರಿಗೆಗಾಗಿ ಮನೆಗಳ ಬೆಲೆ ಕಟ್ಟುವ ಕಚೇರಿ) ವೆಬ್‌ಸೈಟಿನಲ್ಲಿ ಮನೆಯ ಪುಟ ತೆರೆದು, ಯಾರ್ಯಾರಿಗೆ ತೆರಿಗೆ ಹೋಗುತ್ತದೆ ಅನ್ನುವ ಪಟ್ಟಿ ನೋಡಿ. ಕೌಂಟಿ ಇರುತ್ತದೆ, ಶಾಲಾ ಡಿಸ್ಟ್ರಿಕ್ಟ್ ಇರುತ್ತದೆ, ನೀರು ಮತ್ತು ಒಳಚರಂಡಿ ನೋಡಿಕೊಳ್ಳುವ ಮಡ್, ಅಂದರೆ ಮುನಿಸಿಪಲ್ ಯುಟಿಲಿಟಿ ಡಿಸ್ಟ್ರಿಕ್ಟ್ ಇರುತ್ತದೆ. ಯಾವ ಸಿಟಿಯ ಹೆಸರೂ ಇಲ್ಲದಿದ್ದರೆ ನೀವಿರುವುದು ಅನ್‌ಇನ್‌ಕಾರ್ಪೊರೇಟೆಡ್ ಜಾಗದಲ್ಲಿ. ಅಂದರೆ ನಿಮಗೆ ನಗರಸಭೆ ಇಲ್ಲ, ಮೇಯರ್ ಇಲ್ಲ. ಪೊಲೀಸ್ ಕೆಲಸ ಶೆರಿಫ್ ಅಥವಾ ಕಾನ್‌ಸ್ಟೆಬಲ್ ಕಡೆಯವರದ್ದು.

ಇಲ್ಲೇ ಮೊದಲ ಗುಂಡಿ ಇರುವುದು. "ಇಲ್ಲಿ ಸಿಟಿನೇ ಇಲ್ಲ ಸರ್, ಯಾವ ಪರ್ಮಿಟ್ಟೂ ಬೇಡ, ಸೋಮವಾರ ಶುರು ಮಾಡೋಣ" ಅಂತ ಕಾಂಟ್ರಾಕ್ಟರ್ ಹೇಳುತ್ತಾನೆ. ಅರ್ಧ ನಿಜ. ಟೆಕ್ಸಸ್‌ನಲ್ಲಿ ಕೌಂಟಿಗಳಿಗೆ ಸಾಮಾನ್ಯವಾಗಿ ಝೋನಿಂಗ್, ಅಂದರೆ ಯಾವ ಜಾಗದಲ್ಲಿ ಏನು ಕಟ್ಟಬಹುದು ಅಂತ ಗೊತ್ತುಮಾಡುವ ಅಧಿಕಾರ ಇಲ್ಲ. ಆದರೆ ಆ ಖಾಲಿ ಜಾಗ ಖಾಲಿಯಾಗಿ ಉಳಿದಿಲ್ಲ. ಊರಿನಲ್ಲಿ ನಗರಸಭೆ ನೋಡುವ ಕೆಲಸದಲ್ಲಿ ಬಹುಪಾಲನ್ನು ಇಲ್ಲಿ ಡೀಡ್ ರಿಸ್ಟ್ರಿಕ್ಷನ್ಸ್ (ಆಸ್ತಿಗೆ ಅಂಟಿಕೊಂಡು ಬರುವ ಷರತ್ತುಗಳು) ಮೂಲಕ ಎಚ್‌ಒಎ ನೋಡುತ್ತದೆ. ಮನೆ ಕೊಂಡ ದಿನವೇ ಆ ಷರತ್ತುಗಳು ನಿಮ್ಮ ಮೇಲೆ ಬಂದಾಗಿದೆ. ಜೊತೆಗೆ ಕೌಂಟಿ ಎಂಜಿನಿಯರ್ ಕಚೇರಿಯ ನಿಯಮಗಳು ಬೇರೆ. ಪ್ರವಾಹ ಪ್ರದೇಶದಲ್ಲಿದ್ದರಂತೂ ಅವರನ್ನು ಕೇಳದೆ ಒಂದು ಕಂಬ ಕೂಡ ನೆಡಬೇಡಿ.

ದೊಡ್ಡ ಮಾಸ್ಟರ್ ಪ್ಲ್ಯಾನ್ಡ್ ಬಡಾವಣೆಯಲ್ಲಿದ್ದರೆ ಎರಡು ಎಚ್‌ಒಎ ಇರಬಹುದು. ನಿಮ್ಮ ಗೇಟಿನೊಳಗಿನದ್ದೊಂದು, ಇಡೀ ಬಡಾವಣೆಯದ್ದೊಂದು. ವರ್ಷಕ್ಕೆ ಎರಡು ಬಿಲ್ ಬರುತ್ತಿದ್ದರೆ ಇಬ್ಬರ ಒಪ್ಪಿಗೆಯೂ ಬೇಕಾ ಅಂತ ಈಗಲೇ ಕೇಳಿ.

## 2. ನೋಂದಣಿಯಾದ ನಿಯಮ ಹುಡುಕಿ ಓದಿ

ಪಕ್ಕದ ಮನೆಯವರು ವಾಟ್ಸಾಪ್‌ನಲ್ಲಿ ಕಳಿಸಿದ ಪಿಡಿಎಫ್ ನಂಬಬೇಡಿ. ಅದು ಹಳೆಯದಿರಬಹುದು, ಬೇರೆ ಸೆಕ್ಷನ್‌ನದ್ದಿರಬಹುದು. ಒಂದೇ ಬಡಾವಣೆಯ ಸೆಕ್ಷನ್ 3 ಮತ್ತು ಸೆಕ್ಷನ್ 7ಕ್ಕೆ ಬೇರೆ ಬೇರೆ ನಿಯಮ ಇರುವುದು ಇಲ್ಲಿ ಮಾಮೂಲು. ನಿಮ್ಮ ಲಾಟ್ (ಸೈಟು), ಬ್ಲಾಕ್, ಸೆಕ್ಷನ್ ನಂಬರು ಸರ್ವೆಯ ಮೇಲೆಯೇ ಇರುತ್ತದೆ. ಮೊದಲು ಅದನ್ನು ಬರೆದಿಟ್ಟುಕೊಳ್ಳಿ.

ನಿಮಗೆ ಬೇಕಾದವು ಎರಡು: ಮೂಲ ಡಿಕ್ಲರೇಷನ್, ಅಂದರೆ ಡೀಡ್ ರಿಸ್ಟ್ರಿಕ್ಷನ್ಸ್. ಇನ್ನೊಂದು ಅದರ ಕೆಳಗೆ ಬರುವ ಎಸಿಸಿ ಗೈಡ್‌ಲೈನ್ಸ್. ಎಚ್‌ಒಎ ವೆಬ್‌ಸೈಟಿನಲ್ಲಿ ಸಿಗದಿದ್ದರೆ ಕೌಂಟಿ ಕ್ಲರ್ಕ್ ಕಚೇರಿಯ ಆಸ್ತಿ ದಾಖಲೆಗಳಲ್ಲಿ ಬಡಾವಣೆಯ ಹೆಸರಿನಿಂದ ಹುಡುಕಿ. ನಿಮ್ಮ ಎಚ್‌ಒಎ ನಡೆಸುವ ಮ್ಯಾನೇಜ್‌ಮೆಂಟ್ ಕಂಪನಿ ಯಾವುದು ಅಂತಲೇ ಗೊತ್ತಿಲ್ಲವಾ? ಟೆಕ್ಸಸ್ ರಿಯಲ್ ಎಸ್ಟೇಟ್ ಕಮಿಷನ್ ನಡೆಸುವ ರಾಜ್ಯದ ಎಚ್‌ಒಎ ತಾಣದಲ್ಲಿ ಬಡಾವಣೆಯ ಹೆಸರು ಹಾಕಿದರೆ ಮ್ಯಾನೇಜ್‌ಮೆಂಟ್ ಸರ್ಟಿಫಿಕೇಟ್ ಬರುತ್ತದೆ. ಯಾರಿಗೆ ಫೋನ್ ಮಾಡಬೇಕು ಅಂತ ಅದರಲ್ಲಿ ಇರುತ್ತದೆ.

ಗಮನಿಸಿ: ಮೊದಲ ಪುಟದಲ್ಲಿ ಕೌಂಟಿ ಕ್ಲರ್ಕ್ ನೋಂದಣಿಯ ಗುರುತು ಇದೆಯಾ ನೋಡಿ. ಟೆಕ್ಸಸ್ ಪ್ರಾಪರ್ಟಿ ಕೋಡ್‌ನ 202.006ನೇ ಸೆಕ್ಷನ್ ಪ್ರಕಾರ ಕೌಂಟಿಯಲ್ಲಿ ನೋಂದಣಿಯಾಗದ ಇಂಥ ದಾಖಲೆಗೆ ಬೆಲೆ ಇಲ್ಲ. "ನಮ್ಮಲ್ಲಿ ಹಾಗೇ ನಡ್ಕೊಂಡು ಬಂದಿದೆ" ಅನ್ನುವುದು ನಿಯಮ ಅಲ್ಲ.

ಎಂಬತ್ತು ಪುಟ ಓದಲು ಯಾರಿಗೂ ಪುರುಸೊತ್ತಿಲ್ಲ, ಗೊತ್ತು. ಹಾಗಿದ್ದರೆ ಇಷ್ಟನ್ನಾದರೂ ಹುಡುಕಿ ಓದಿ: ಸೆಟ್‌ಬ್ಯಾಕ್ (ಗಡಿಯಿಂದ ಬಿಡಬೇಕಾದ ಜಾಗ), ಈಸ್‌ಮೆಂಟ್ (ನಿಮ್ಮ ಜಾಗದಲ್ಲಿ ಬೇರೆಯವರಿಗಿರುವ ಹಕ್ಕು), ಪ್ಯಾಟಿಯೋ ಕವರ್, ಎಸಿಸಿಗೆ ಉತ್ತರ ಕೊಡಲು ಇರುವ ದಿನಗಳು. ಕೊನೆಯದು ಯಾಕೆ ಮುಖ್ಯ ಅಂತ ಐದನೇ ಹಂತದಲ್ಲಿ ಹೇಳುತ್ತೇನೆ.

## 3. ಸರ್ವೆಯನ್ನು ಹಿತ್ತಲಲ್ಲಿ ನಿಂತು ಓದಿ

ಹೆಚ್ಚು ಜನ ಬೀಳುವುದು ಇಲ್ಲೇ. ನಿಧಾನವಾಗಿ ಓದಿ.

ಸರ್ವೆಯ ಮೇಲೆ ಮನೆಯ ಗೋಡೆ, ಬೇಲಿ, ಗಡಿಗೆರೆ ಇರುತ್ತವೆ. ಅವುಗಳ ಮಧ್ಯೆ ಚುಕ್ಕಿಚುಕ್ಕಿ ಗೆರೆಗಳು ಇರುತ್ತವಲ್ಲ, ನಿಮ್ಮ ಹಣೆಬರಹ ಇರುವುದು ಅದರಲ್ಲಿ. "ಬಿ.ಎಲ್." ಅಂದರೆ ಬಿಲ್ಡಿಂಗ್ ಲೈನ್, ಅದನ್ನು ದಾಟಿ ಕಟ್ಟುವಂತಿಲ್ಲ. "ಯು.ಇ." ಅಂದರೆ ಯುಟಿಲಿಟಿ ಈಸ್‌ಮೆಂಟ್. ಜಾಗ ನಿಮ್ಮದೇ, ಆದರೆ ಕರೆಂಟು, ಫೋನು, ಚರಂಡಿಯವರಿಗೆ ಅಲ್ಲಿ ಬಂದು ಅಗೆಯುವ ಹಕ್ಕು ಇದೆ. "ಎ.ಇ." ಇದ್ದರೆ ಏರಿಯಲ್ ಈಸ್‌ಮೆಂಟ್, ನೆಲದ ಮೇಲಲ್ಲ, ಗಾಳಿಯಲ್ಲಿ. ಕಂಬ ಈಚೆಗಿದ್ದರೂ ಪ್ಯಾಟಿಯೋದ ಸೂರು ಅದರೊಳಗೆ ಚಾಚಿಕೊಂಡರೆ ತಕರಾರು ಬರುತ್ತದೆ. ಡ್ರೈನೇಜ್ ಈಸ್‌ಮೆಂಟ್ ಇದ್ದರೆ ಆ ಕಡೆ ತಲೆಯೂ ಹಾಕಬೇಡಿ.

ಬೇಲಿಯನ್ನು ಗಡಿ ಅಂದುಕೊಳ್ಳುವುದು ಇನ್ನೊಂದು ತಪ್ಪು. ಬೇಲಿ ಗಡಿಗಿಂತ ಅರ್ಧ ಅಡಿ ಆಚೆ ಈಚೆ ಇರಬಹುದು, ಸರ್ವೆಯಲ್ಲೇ ಅದನ್ನು ಬರೆದಿರುತ್ತಾರೆ. ಅಳತೆ ಗಡಿಯಿಂದ ಹಿಡಿಯಬೇಕು.

ನನ್ನದೇ ಕತೆ ಹೇಳುತ್ತೇನೆ. ಸಮಿತಿಗೆ ಸೇರುವ ಮುಂಚೆ ನಾನೂ ಪ್ಯಾಟಿಯೋಗೆ ಅರ್ಜಿ ಹಾಕಿದ್ದೆ. ಮನೆಯ ಹಿಂಗೋಡೆಯಿಂದ ಗಡಿಗೆ 24 ಅಡಿ. ಅದರಲ್ಲಿ 8 ಅಡಿ ಈಸ್‌ಮೆಂಟ್. ಉಳಿದದ್ದು 16. ನನಗೆ ಬೇಕಿದ್ದದ್ದು 14 ಅಡಿಯ ಪ್ಯಾಟಿಯೋ. ಆರಾಮಾಗಿ ಹಿಡಿಯುತ್ತದೆ, ಅಲ್ವಾ? ಸರ್ವೆಯ ಪಿಡಿಎಫ್ ಪ್ರಿಂಟ್ ತೆಗೆದು, ಮೂಲೆಯಲ್ಲಿದ್ದ "1 ಇಂಚಿಗೆ 20 ಅಡಿ" ನೋಡಿ, ಸ್ಕೇಲು ಇಟ್ಟು ಕೆಂಪು ಪೆನ್ನಿನಲ್ಲಿ ನೀಟಾಗಿ ಚೌಕ ಎಳೆದೆ. ಅರ್ಜಿ ವಾಪಸ್ ಬಂತು: ಈಸ್‌ಮೆಂಟ್ ಒಳಗೆ 2 ಅಡಿ ಅತಿಕ್ರಮಣ!

ಸಿಟ್ಟು ಬಂತು. ಟೇಪು ಹಿಡಿದು ಮೂರು ಸಲ ಅಳೆದೆ. ನೆಲ ಸರಿಯಾಗೇ ಇತ್ತು, ಕಾಗದ ತಪ್ಪಿತ್ತು. ಸರ್ವೆ ಇದ್ದದ್ದು 14 ಇಂಚು ಉದ್ದದ ಲೀಗಲ್ ಹಾಳೆಗೆ. ನನ್ನ ಪ್ರಿಂಟರ್ ಅದನ್ನು 11 ಇಂಚಿನ ಹಾಳೆಗೆ ಕುಗ್ಗಿಸಿ ಕೂರಿಸಿತ್ತು. ಕುಗ್ಗಿದ ಹಾಳೆಯಲ್ಲಿ ಒಂದು ಇಂಚು ಅಂದರೆ 25 ಅಡಿಗೂ ಜಾಸ್ತಿ. ನಾನು 14 ಅಡಿ ಅಂತ ಎಳೆದ ಗೆರೆ ಸರ್ವೆಯ ಲೆಕ್ಕದಲ್ಲಿ ಹತ್ತಿರ ಹತ್ತಿರ 18 ಅಡಿ ಆಗಿತ್ತು. ಸಮಿತಿಯವರು ನೋಡುವುದು ಕಾಗದವನ್ನೇ. ಅವರ ತಪ್ಪೇನಿಲ್ಲ.

ಆದ್ದರಿಂದ ಪ್ರಿಂಟ್ ತೆಗೆಯುವಾಗ "ಆಕ್ಚುಯಲ್ ಸೈಜ್" ಆರಿಸಿ. ಅಂಗಡಿಯಲ್ಲಿ ಲೀಗಲ್ ಹಾಳೆಯಲ್ಲೇ ತೆಗೆಸಿದರೆ ಇನ್ನೂ ಒಳ್ಳೆಯದು. ಆಮೇಲೆ ಸರ್ವೆಯಲ್ಲಿ ಅಳತೆ ಬರೆದಿರುವ ಯಾವುದಾದರೂ ಒಂದು ಗೆರೆಯ ಮೇಲೆ ಸ್ಕೇಲು ಇಟ್ಟು ತಾಳೆ ನೋಡಿ. 60 ಅಡಿ ಅಂತ ಬರೆದಿದ್ದರೆ 3 ಇಂಚು ಬರಲೇಬೇಕು. ಕೊನೆಗೆ, ಎಳೆದ ಚೌಕದ ಪಕ್ಕದಲ್ಲಿ ಅಂಕಿಗಳನ್ನೂ ಬರೆಯಿರಿ: ಹಿಂದಿನ ಗಡಿಯಿಂದ ಕಂಬಕ್ಕೆ ಎಷ್ಟು, ಸೂರಿನ ಅಂಚಿಗೆ ಎಷ್ಟು, ಎರಡೂ ಪಕ್ಕದ ಗಡಿಗಳಿಂದ ಎಷ್ಟು. ಗೆರೆ ತಪ್ಪಾದರೂ ಅಂಕಿ ಕಾಪಾಡುತ್ತದೆ.

## 4. ಅರ್ಜಿಯ ಕಟ್ಟು ಸಿದ್ಧ ಮಾಡಿ

ಕಾಂಟ್ರಾಕ್ಟರ್‌ನನ್ನು ಕರೆಯುವುದು ಈಗ. ಕೊಟೇಶನ್ ಮತ್ತು ಡ್ರಾಯಿಂಗ್ ಕೇಳಿ, ದುಡ್ಡು ಬೇಡ. ಟೆಕ್ಸಸ್‌ನಲ್ಲಿ ಜನರಲ್ ಕಾಂಟ್ರಾಕ್ಟರ್‌ಗೆ ರಾಜ್ಯದ ಲೈಸೆನ್ಸ್ ಅಂತ ಒಂದಿಲ್ಲ. ಎಲೆಕ್ಟ್ರಿಷಿಯನ್, ಪ್ಲಂಬರ್‌ಗೆ ಇದೆ. ಪ್ಯಾಟಿಯೋಗೆ ಫ್ಯಾನು, ಲೈಟು ಹಾಕಿಸುವುದಿದ್ದರೆ ಆ ಕೆಲಸ ಯಾರು ಮಾಡುತ್ತಾರೆ, ಅವರ ಲೈಸೆನ್ಸ್ ನಂಬರ್ ಏನು ಅಂತ ಬರೆಸಿಕೊಳ್ಳಿ. ಅಡ್ವಾನ್ಸ್ ಕೊಡಲೇಬೇಕಾದರೆ, ಎಸಿಸಿ ಒಪ್ಪದಿದ್ದರೆ ಪೂರ್ತಿ ವಾಪಸ್ ಅನ್ನುವ ಒಂದು ಸಾಲು ಕರಾರಿನಲ್ಲಿ ಇರಲಿ.

ಕಟ್ಟಿನಲ್ಲಿ ಇರಬೇಕಾದದ್ದು: ಅರ್ಜಿ ನಮೂನೆ, ಗುರುತು ಮಾಡಿದ ಸರ್ವೆ, ಮುಂದಿನಿಂದ ಮತ್ತು ಪಕ್ಕದಿಂದ ಕಾಣುವ ಡ್ರಾಯಿಂಗ್ ಎತ್ತರದ ಸಮೇತ, ಸಾಮಗ್ರಿಗಳ ಪಟ್ಟಿ, ಈಗಿರುವ ಹಿತ್ತಲಿನ ನಾಲ್ಕೈದು ಫೋಟೋ. ಸಾಮಗ್ರಿಯಲ್ಲಿ "ಶಿಂಗಲ್ಸ್, ಕಂದು ಬಣ್ಣ" ಅಂತ ಬರೆದರೆ ಸಾಲದು. ಕಂಪನಿ, ಮಾದರಿ, ಬಣ್ಣದ ಹೆಸರು ಬೇಕು. ಬಣ್ಣಕ್ಕೆ ಅಂಗಡಿಯ ಪೇಂಟ್ ಚೀಟಿಯನ್ನೇ ಅಂಟಿಸಿ. ಬಹಳಷ್ಟು ಕಡೆ ಪ್ಯಾಟಿಯೋದ ಚಾವಣಿ ಮನೆಯ ಚಾವಣಿಗೆ ಹೊಂದಬೇಕು ಅಂತ ಇರುತ್ತದೆ. ತಗಡು ಮತ್ತು ಫೈಬರ್‌ಗ್ಲಾಸ್ ಶೀಟು ಸಾಮಾನ್ಯವಾಗಿ ಒಪ್ಪುವುದಿಲ್ಲ.

ಜನ ಮರೆಯುವುದು ನೀರನ್ನು. ನಮ್ಮ ಈ ಭಾಗ ತಟ್ಟೆಯ ಹಾಗೆ ಚಪ್ಪಟೆ, ಮಣ್ಣು ಜೇಡಿ. ಹೊಸ ಚಾವಣಿಯಿಂದ ಸುರಿದ ನೀರು ಇಂಗುವುದಿಲ್ಲ, ಎಲ್ಲಿಗಾದರೂ ಹರಿಯಲೇಬೇಕು. ಅದು ಪಕ್ಕದವರ ಬೇಲಿ ಕೆಳಗೆ ನುಗ್ಗಿ ಹಾನಿ ಮಾಡಿದರೆ ಎಚ್‌ಒಎ ನಿಯಮ ಹಾಗಿರಲಿ, ಟೆಕ್ಸಸ್ ವಾಟರ್ ಕೋಡ್‌ನ 11.086 ಪ್ರಕಾರ ಅವರು ಕೋರ್ಟಿಗೆ ಹೋಗಬಹುದು. ಗಟರ್ ಎಲ್ಲಿ, ಕೆಳಗಿಳಿಯುವ ಪೈಪ್ ಎಲ್ಲಿ, ನೀರು ರಸ್ತೆಗೆ ಹೇಗೆ ಹೋಗುತ್ತದೆ ಅಂತ ನೀಲಿ ಪೆನ್ನಿನಲ್ಲಿ ಬಾಣ ಹಾಕಿ ತೋರಿಸಿ. ಆ ನೀಲಿ ಬಾಣ ಇರುವ ಅರ್ಜಿ ಕಂಡರೆ ಸಮಿತಿಯವರಿಗೆ ಅರ್ಧ ಸಮಾಧಾನ.

## 5. ಸಲ್ಲಿಸಿ, ದಿನ ಎಣಿಸಿ

ಪೋರ್ಟಲ್‌ನಲ್ಲಿ ಹಾಕಿದರೆ ಸ್ಕ್ರೀನ್‌ಶಾಟ್ ತೆಗೆದಿಡಿ. ಇಮೇಲ್ ಆದರೆ "ಅರ್ಜಿ ಪೂರ್ಣವಾಗಿ ತಲುಪಿದೆಯಾ" ಅಂತ ಉತ್ತರ ಕೇಳಿ. "ಪೂರ್ಣ" ಅನ್ನುವ ಮಾತು ಮುಖ್ಯ. ಒಂದು ಹಾಳೆ ಕಮ್ಮಿ ಇದ್ದರೂ ದಿನದ ಲೆಕ್ಕ ಶುರುವೇ ಆಗಿಲ್ಲ ಅನ್ನುತ್ತಾರೆ.

ಉತ್ತರಕ್ಕೆ ಎಷ್ಟು ದಿನ ಅನ್ನುವುದು ನಿಮ್ಮ ದಾಖಲೆಯಲ್ಲಿದೆ. ಸಾಮಾನ್ಯವಾಗಿ 30, 45 ಅಥವಾ 60. ಆ ದಿನ ದಾಟಿದರೂ ಉತ್ತರ ಬರದಿದ್ದರೆ? ಕೆಲವು ಬಡಾವಣೆಗಳಲ್ಲಿ ಒಪ್ಪಿದ ಹಾಗೆ. ಇನ್ನು ಕೆಲವು ಕಡೆ ತಿರಸ್ಕರಿಸಿದ ಹಾಗೆ! ಗೆಳೆಯನ ಬಡಾವಣೆಯಲ್ಲಿ ಹೀಗಿದೆ ಅಂತ ನೀವು ಸುಮ್ನೆ ಕೂತರೆ ಕೆಟ್ಟಿರಿ. ಅದಕ್ಕೇ ಎರಡನೇ ಹಂತದಲ್ಲಿ ಆ ಸಾಲು ಓದಿಟ್ಟುಕೊಳ್ಳಿ ಅಂದದ್ದು.

ಒಪ್ಪಿಗೆ ಪತ್ರ ಬಂದಾಗ ಕೊನೆಯ ಸಾಲಿನ ತನಕ ಓದಿ. "ಷರತ್ತುಬದ್ಧ ಒಪ್ಪಿಗೆ" ಅಂದರೆ ಆ ಷರತ್ತು ಪಾಲಿಸಿದರೆ ಮಾತ್ರ ಒಪ್ಪಿಗೆ. ಇಷ್ಟು ದಿನದಲ್ಲಿ ಕೆಲಸ ಮುಗಿಸಬೇಕು ಅಂತಲೂ ಇರಬಹುದು. ಎಚ್‌ಒಎ ನಡೆಸುವ ಬೋರ್ಡಿನವರೊಬ್ಬರು ವಾಕಿಂಗ್‌ನಲ್ಲಿ ಸಿಕ್ಕಿ "ಹೂಂ, ಮಾಡ್ಕೊಳ್ಳಿ" ಅಂದದ್ದು ಒಪ್ಪಿಗೆ ಅಲ್ಲ.

## 6. ತಿರಸ್ಕಾರವಾದರೆ

ಸಿಟ್ಟಿನ ಇಮೇಲ್ ಬರೆಯಬೇಡಿ. ಮೊದಲು ಪತ್ರ ಓದಿ. 40ಕ್ಕಿಂತ ಹೆಚ್ಚು ಲಾಟ್ ಇರುವ ಎಚ್‌ಒಎಗಳಿಗೆ 2021ರಿಂದ ಪ್ರಾಪರ್ಟಿ ಕೋಡ್‌ನ 209.00505 ಅನ್ವಯಿಸುತ್ತದೆ. ಯಾಕೆ ತಿರಸ್ಕರಿಸಿದ್ದು, ಏನು ಬದಲಿಸಿದರೆ ಒಪ್ಪುತ್ತಾರೆ ಅಂತ ಅವರು ಬರೆದೇ ತಿಳಿಸಬೇಕು. ಪತ್ರ ಅಂಚೆಗೆ ಬಿದ್ದ ದಿನದಿಂದ 30 ದಿನದೊಳಗೆ ನೀವು ಬೋರ್ಡಿನ ಮುಂದೆ ವಿಚಾರಣೆ ಕೇಳಬಹುದು. ಕೇಳಿದ 30 ದಿನದೊಳಗೆ ಅವರು ನಡೆಸಬೇಕು. ಎಸಿಸಿಯಲ್ಲಿ ಬೋರ್ಡಿನ ಸದಸ್ಯರಾಗಲಿ, ಅವರ ಗಂಡ ಹೆಂಡತಿಯಾಗಲಿ, ಅವರ ಮನೆಯಲ್ಲಿ ವಾಸ ಇರುವವರಾಗಲಿ ಕೂರುವಂತಿಲ್ಲ ಅಂತಲೂ ಅದೇ ಸೆಕ್ಷನ್ ಹೇಳುತ್ತದೆ. ಆದರೆ ಬಡಾವಣೆ ಇನ್ನೂ ಡೆವಲಪರ್ ಕೈಯಲ್ಲೇ ಇದ್ದರೆ ಇದು ಯಾವುದೂ ಲಾಗೂ ಇಲ್ಲ. ಹೊಸ ಬಡಾವಣೆಯವರು ಇದನ್ನು ಗಮನಿಸಿ.

ನನ್ನ ಅನುಭವದಲ್ಲಿ ಹತ್ತರಲ್ಲಿ ಎಂಟಕ್ಕೆ ವಿಚಾರಣೆಯೇ ಬೇಕಾಗಲಿಲ್ಲ. ಕಾರಣ ಸರಿಪಡಿಸಿ ಮತ್ತೆ ಸಲ್ಲಿಸಿದರೆ ಸಾಕಾಗುತ್ತಿತ್ತು. ಆದರೂ 30 ದಿನ ಕಳೆಯುವ ಮುಂಚೆ ವಿಚಾರಣೆಯ ಕೋರಿಕೆಯನ್ನೂ ಹಾಕಿಡಿ.

## 7. ಈಗ ಕೌಂಟಿ, ಆಮೇಲೆ 811, ಆಮೇಲೆ ಗುದ್ದಲಿ

ಎಚ್‌ಒಎ ಒಪ್ಪಿಗೆಗೂ ಕೌಂಟಿಗೂ ಸಂಬಂಧ ಇಲ್ಲ. ಒಂದು ಸಿಕ್ಕರೆ ಇನ್ನೊಂದು ಸಿಕ್ಕ ಹಾಗಲ್ಲ. ಕೌಂಟಿ ಎಂಜಿನಿಯರ್ ಕಚೇರಿಗೆ ವಿಳಾಸ ಮತ್ತು ಡ್ರಾಯಿಂಗ್ ಕಳಿಸಿ, ಪರ್ಮಿಟ್ ಬೇಕಾ ಅಂತ ಕೇಳಿ. ಬೇಡ ಅಂದರೆ ಆ ಉತ್ತರವನ್ನೂ ಉಳಿಸಿಕೊಳ್ಳಿ.

ಅಗೆಯುವ ಕನಿಷ್ಠ ಎರಡು ಕೆಲಸದ ದಿನ ಮುಂಚೆ 811ಕ್ಕೆ ಕರೆ ಮಾಡಿ. ನೆಲದಡಿಯ ತಂತಿ, ಪೈಪು ಎಲ್ಲಿವೆ ಅಂತ ಗುರುತು ಮಾಡಿಸುವ ನಂಬರು ಅದು. ಪುಕ್ಕಟೆ. ಅವರು ಬಂದು ಹುಲ್ಲಿನ ಮೇಲೆ ಬಣ್ಣ ಹೊಡೆದು ಹೋಗುತ್ತಾರೆ: ಕೆಂಪು ಕರೆಂಟು, ಹಳದಿ ಗ್ಯಾಸ್, ಕಿತ್ತಳೆ ಫೋನು ಮತ್ತು ಇಂಟರ್ನೆಟ್. ಮಡ್‌ನ ನೀರು, ಒಳಚರಂಡಿ ಪೈಪುಗಳು ಇದರಲ್ಲಿ ಸೇರದೇ ಇರಬಹುದು. ಮಡ್‌ಗೆ ಬೇರೆ ಫೋನ್ ಮಾಡಿ. ನಿಮ್ಮದೇ ಸ್ಪ್ರಿಂಕ್ಲರ್ ಪೈಪನ್ನು ಯಾರೂ ಗುರುತು ಮಾಡುವುದಿಲ್ಲ, ಅದನ್ನು ನೀವೇ ಹುಡುಕಬೇಕು.

ಈ ಹಂತ ಹಾರಿದ ನನ್ನ ಪರಿಚಯದವರ ಹಿತ್ತಲು ನೋಡಲು ಹೋಗಿದ್ದೆ. ನಾಲ್ಕು ಕಂಬದ ಗುಂಡಿಗಳು, ನಾಲ್ಕರ ತುಂಬ ಮಳೆ ನೀರು, ಒಂದರೊಳಗೆ ಇಂಟರ್ನೆಟ್ ಕೇಬಲ್ ತುಂಡಾಗಿ ಬಾಲದ ಹಾಗೆ ಮೇಲೆ ಬಂದಿತ್ತು. ಮನೆಯಾತ ಆ ದಿನ ವರ್ಕ್ ಫ್ರಮ್ ಹೋಮ್.

## ತುಳಸಿಕಟ್ಟೆ, ತೋರಣ, ಹೀರೆಕಾಯಿ ಚಪ್ಪರ

ಇದನ್ನು ನಮ್ಮವರು ಎಲ್ಲಕ್ಕಿಂತ ಜಾಸ್ತಿ ಕೇಳುತ್ತಾರೆ, ಅದಕ್ಕೇ ಬೇರೆಯಾಗಿ ಬರೆಯುತ್ತಿದ್ದೇನೆ.

ಪ್ರಾಪರ್ಟಿ ಕೋಡ್‌ನ 202.018 ಪ್ರಕಾರ, ಶ್ರದ್ಧೆಯಿಂದ ಇಟ್ಟ ಧಾರ್ಮಿಕ ವಸ್ತುವನ್ನು ನಿಮ್ಮ ಮನೆ ಅಥವಾ ಜಾಗದಲ್ಲಿ ಇಡಬಾರದು ಅಂತ ಎಚ್‌ಒಎ ಹೇಳುವಂತಿಲ್ಲ. ಮೊದಲು ಇದು ಬಾಗಿಲಿಗೆ, ಚೌಕಟ್ಟಿಗೆ ಮಾತ್ರ ಇತ್ತು, ಅಳತೆಯ ಮಿತಿಯೂ ಇತ್ತು. 2021ರಲ್ಲಿ ಅದನ್ನು ತೆಗೆದು ಇಡೀ ಜಾಗಕ್ಕೆ ವಿಸ್ತರಿಸಿದರು. ಆದರೆ ಆರೋಗ್ಯಕ್ಕೆ, ಸುರಕ್ಷತೆಗೆ ಅಪಾಯ ಇದ್ದರೆ, ಬಿಲ್ಡಿಂಗ್ ಲೈನ್, ಸೆಟ್‌ಬ್ಯಾಕ್, ಈಸ್‌ಮೆಂಟ್ ಮೀರಿದರೆ, ಎಚ್‌ಒಎಯದೇ ಜಾಗದಲ್ಲಿ ಇಟ್ಟರೆ ಅವರು ಬೇಡ ಅನ್ನಬಹುದು. ಅಂದರೆ ತೋರಣ ಕಟ್ಟಲು ಯಾರನ್ನೂ ಕೇಳಬೇಕಿಲ್ಲ. ತುಳಸಿಕಟ್ಟೆಯನ್ನು ಹಿಂದಿನ ಬೇಲಿಗೆ ಅಂಟಿಸಿ 8 ಅಡಿಯ ಈಸ್‌ಮೆಂಟ್‌ನಲ್ಲಿ ಕಾಂಕ್ರೀಟ್ ಹಾಕಿ ಕಟ್ಟಿದರೆ ಮಾತ್ರ ಕಾನೂನು ನಿಮ್ಮ ಕಡೆ ಇರುವುದಿಲ್ಲ. ಮನೆಯ ಹತ್ತಿರ ಇಡಿ, ಎತ್ತಿಡಲು ಬರುವಂಥದ್ದಾದರೆ ಇನ್ನೂ ಸುಲಭ.

ಹೀರೆ, ಪಡವಲದ ಚಪ್ಪರಕ್ಕೆ ಈ ರಕ್ಷಣೆ ಇಲ್ಲ. ಅದು ಎಸಿಸಿ ಕಣ್ಣಿಗೆ ಒಂದು ಕಟ್ಟಡ. ಬೇಲಿಗಿಂತ ಮೇಲೆ ಕಾಣದಂತೆ ಇಟ್ಟರೆ ಸಾಮಾನ್ಯವಾಗಿ ಯಾರೂ ಮಾತಾಡುವುದಿಲ್ಲ. ಏಳಡಿ ಪಿವಿಸಿ ಪೈಪು ನಿಲ್ಲಿಸಿ ಹಳೇ ಸೀರೆ ಕಟ್ಟಿದರೆ ಪತ್ರ ಗ್ಯಾರಂಟಿ.

## ಆಗಲೇ ಕಟ್ಟಿಬಿಟ್ಟಿದ್ದರೆ

ವಯೊಲೇಶನ್ ಪತ್ರ, ಅಂದರೆ ನಿಯಮ ಮೀರಿದ್ದೀರಿ ಅನ್ನುವ ನೋಟಿಸು ಬಂದರೆ ಬಿಸಾಡಬೇಡಿ. ಸರ್ಟಿಫೈಡ್ ಮೇಲ್‌ನಲ್ಲಿ ಬಂದದ್ದನ್ನು ಸಹಿ ಹಾಕದೆ ವಾಪಸ್ ಕಳಿಸುವುದು ಜಾಣತನ ಅಲ್ಲ, ದಿನ ಎಣಿಕೆ ನಿಲ್ಲುವುದಿಲ್ಲ. ಸರಿಪಡಿಸಲು ಕೊಟ್ಟ ಗಡುವು ಮತ್ತು ವಿಚಾರಣೆ ಕೇಳುವ 30 ದಿನ, ಎರಡನ್ನೂ ಕ್ಯಾಲೆಂಡರಿನಲ್ಲಿ ಬರೆಯಿರಿ. ಕೆಲಸ ಅಲ್ಲಿಗೇ ನಿಲ್ಲಿಸಿ, ಮೂರು ಮತ್ತು ನಾಲ್ಕನೇ ಹಂತ ಮಾಡಿ, ತಡವಾದ ಅರ್ಜಿ ಅಂತಲೇ ಹಾಕಿ. ನಿಯಮದೊಳಗೆ ಇದ್ದರೆ ಎಷ್ಟೋ ಸಲ ಒಪ್ಪುತ್ತಾರೆ. ದಂಡ ಹಾಕಿದರೆ ಅವರ ದಂಡದ ಪಟ್ಟಿ ಕೇಳಿ. 2024ರ ಜನವರಿಯಿಂದ ಅಂಥದ್ದೊಂದು ಲಿಖಿತ ನೀತಿ ಇರಬೇಕು. ಬರೀ ದಂಡದ ಬಾಕಿಗೆ ಮನೆ ಫೋರ್‌ಕ್ಲೋಸ್ (ಜಪ್ತಿ ಮಾಡಿ ಹರಾಜು) ಮಾಡುವಂತಿಲ್ಲ. ಎಚ್‌ಒಎಗೆ ಕಟ್ಟುವ ವರ್ಷದ ಶುಲ್ಕದ, ಅಂದರೆ ಅಸೆಸ್‌ಮೆಂಟ್ ಬಾಕಿಯ ಕತೆ ಬೇರೆ, ಜಗಳ ಇದ್ದರೂ ಅದನ್ನು ಮಾತ್ರ ತಡೆಹಿಡಿಯಬೇಡಿ. ಪತ್ರ ವಕೀಲರ ಲೆಟರ್‌ಹೆಡ್‌ನಲ್ಲಿ ಬಂದರೆ ನೀವೂ ವಕೀಲರ ಹತ್ತಿರ ಹೋಗಿ.

## 8. ಮುಗಿದ ಮೇಲೆ

ಕೆಲಸ ಮುಗಿದ ದಿನವೇ ಫೋಟೋ ತೆಗೆದು, ಮುಗಿದಿದೆ ಅಂತ ಎಚ್‌ಒಎಗೆ ಬರೆಯಿರಿ. ಡಿಪಾಸಿಟ್ ಕಟ್ಟಿದ್ದರೆ ವಾಪಸ್ ಬರುವುದು ಇದಾದ ಮೇಲೆಯೇ. ಒಪ್ಪಿಗೆ ಪತ್ರ, ಗುರುತು ಮಾಡಿದ ಸರ್ವೆ, ಕೌಂಟಿಯ ಉತ್ತರ, ಈ ಮೂರನ್ನು ಮನೆ ಪತ್ರಗಳ ಜೊತೆ ಇಡಿ. ಮುಂದೆ ಮನೆ ಮಾರುವಾಗ ಎಚ್‌ಒಎ ರೀಸೇಲ್ ಸರ್ಟಿಫಿಕೇಟ್ ಕೊಡುತ್ತದೆ, ಅದಕ್ಕೆ 375 ಡಾಲರ್‌ಗಿಂತ ಹೆಚ್ಚು ಕೇಳುವಂತಿಲ್ಲ. ಬೋರ್ಡಿಗೆ ಗೊತ್ತಿರುವ ಉಲ್ಲಂಘನೆಗಳನ್ನು ಅದರಲ್ಲಿ ಬರೆಯುತ್ತಾರೆ. ಅಷ್ಟೊತ್ತಿಗೆ ಮ್ಯಾನೇಜ್‌ಮೆಂಟ್ ಕಂಪನಿ ಬದಲಾಗಿ, ನಿಮ್ಮ ಒಪ್ಪಿಗೆ ಪತ್ರದ ಪ್ರತಿ ಅವರ ಹತ್ತಿರ ಇಲ್ಲದೆ ಹೋದರೆ, ನಿಮ್ಮ ಹತ್ತಿರ ಇರುವುದೊಂದೇ ಪ್ರತಿ.